ಚರ್ಮದಡಿಯ ಓಟ

ಕ್ರೀಡಾಂಗಣದ ಹಿಂಬದಿಯ ಒಂಟಿ ಕಿಟಕಿಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಓಟಗಾರರ ಕಾಲು ನೀವಿದವನು ಅವನು. ಎಲ್ಲರ ಬಾಯಲ್ಲೂ ಎಣ್ಣೆಯಣ್ಣ. ಮುಖ ಮರೆತರೂ ಮೀನಖಂಡ ಮರೆಯಲ್ಲ ಎಂದು ತನ್ನನ್ನೇ ತಾನು ತಮಾಷೆ ಮಾಡಿಕೊಳ್ಳುತ್ತಿದ್ದ.

ದೇಶವೇ ‘ಗಾಳಿ’ ಎಂದು ಕೊಂಡಾಡುತ್ತಿದ್ದ ಓಟಗಾರ ಒಂದು ಮಧ್ಯಾಹ್ನ ಅವನ ಮೇಜಿನ ಮೇಲೆ ಬೋರಲು ಮಲಗಿದ್ದ. ಎಣ್ಣೆಯಣ್ಣನ ಹೆಬ್ಬೆರಳಿನಡಿ ಎಡ ಮೀನಖಂಡ ಮಿಸುಕಿತು.

“ಕಾಲು ಅಲ್ಲಾಡಿಸ್ಬೇಡಪ್ಪಾ.”

“ನಾನೆಲ್ಲಿ ಅಲ್ಲಾಡಿಸ್ದೆ ಅಣ್ಣಾ?”

ಎಣ್ಣೆಯಣ್ಣ ಕೈ ತೆಗೆದು ನೋಡಿದ. ಕಾಲು ಕೊರಡಿನಂತೆ ಬಿದ್ದಿತ್ತು. ಚರ್ಮದಡಿಯಲ್ಲಿ ಮಾತ್ರ ಏನೋ ಹರಿದಾಡುತ್ತಿತ್ತು. ಇಲ್ಲಿ ಅಡಗಿ ಅಲ್ಲಿ ಏಳುತ್ತಿತ್ತು.

“ದಣಿವು ಕಣೋ,” ಎಂದ. ಆ ಕಾಲನ್ನು ಮತ್ತೆ ಮುಟ್ಟದೆ ಟವೆಲ್ ಹೊದಿಸಿದ.

ಮೂರು ವಾರಕ್ಕೆ ಗಾಳಿ ಸಪಾಟು ನೆಲದಲ್ಲಿ ಎಡವಿ ಬಿದ್ದ. ಚಳಿಗಾಲ ಕಳೆಯುವಷ್ಟರಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗಲಿಲ್ಲ. ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಚರ್ಮದಡಿಯ ಮಿಸುಕಾಟವೂ ಅದರದೇ, ವಾಸಿಯಾಗುವುದಲ್ಲ ಎಂದರು ಡಾಕ್ಟರು.

ಎಣ್ಣೆಯಣ್ಣ ಊಟಕ್ಕೆ ಕೂತವನು ತನ್ನ ತೋಳನ್ನೇ ದಿಟ್ಟಿಸತೊಡಗಿದ.

“ಅದೇನ್ರೀ ನೋಡ್ತಿದೀರಾ?” ಎಂದಳು ಹೆಂಡತಿ.

“ಆ ಕಾಯಿಲೆ ನನ್ ಕೈಯಿಂದ್ಲೇ ಅವನೊಳಗೆ ಹೋಯ್ತೇನೋ ಕಣೆ.”

“ತಲೆ ಕೆಟ್ಟಿದ್ಯಾ ನಿಮಗೆ? ಅದೇನು ಅಂಟೋ ಕಾಯಿಲೇನಾ? ಊಟ ಆರ್ತಿದೆ.”

ಆದರೂ ಅವನು ದಿನವೂ ಗಾಳಿಯ ಮನೆಗೆ ಹೋಗಿ ಕೈಕಾಲು ನೀವಿ ಬರುತ್ತಿದ್ದ. ಒಂದು ಬೆರಳೂ ಎತ್ತಲಾರದ ಆ ಮೈ ಕಿಟಕಿಯ ಬೆಳಕಿನಲ್ಲಿ ಭುಜದಿಂದ ಪಾದದವರೆಗೆ ಚರ್ಮದಡಿ ಸಣ್ಣಗೆ ಕುದಿಯುತ್ತಿತ್ತು. ನಾಲಿಗೆ ಕೂಡ.

“ಹೊದಿಸಿಬಿಡಪ್ಪಾ, ನನ್ ಕೈಲಿ ನೋಡೋಕಾಗಲ್ಲ,” ಎನ್ನುತ್ತಿದ್ದಳು ಗಾಳಿಯ ತಾಯಿ.

ಒಂದು ದಿನ ಗಾಳಿ ತೊದಲುತ್ತಾ ಕೇಳಿದ: “ನಿಂಗೆ ಮೊದಲ್ನೇ ದಿನಾನೇ ಗೊತ್ತಾಗಿತ್ತಲ್ವಾ ಅಣ್ಣಾ?”

“ಏನೋ ಇದೆ ಅನ್ನಿಸ್ತು. ಹೆದರಿ ಸುಳ್ಳು ಹೇಳ್ದೆ.”

ಗಾಳಿ ನಕ್ಕ. ನಗು ನಿಲ್ಲಲಿಲ್ಲ. ಎದೆ ಕುಲುಕುತ್ತಿತ್ತು, ಗಂಟಲು ಗೊರಗುಟ್ಟುತ್ತಿತ್ತು. ಕಣ್ಣು ಮಾತ್ರ ನಗದೆ, ಬೆದರಿ ಎಣ್ಣೆಯಣ್ಣನನ್ನೇ ನೋಡುತ್ತಿತ್ತು.

“ಅವನು ನಗ್ತಿಲ್ಲಪ್ಪಾ,” ಎಂದಳು ತಾಯಿ ಮಗನ ಕೈ ಹಿಡಿದು. “ಅದೂ ಕಾಯಿಲೇನೇ.”

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ಎಣ್ಣೆಯಣ್ಣ ಎಂದಿನಂತೆ ಅಂಗೈ ಇಟ್ಟು ಕಾದ. ಅಡಿಯಲ್ಲಿ ಏನೂ ಮಿಸುಕಲಿಲ್ಲ. ಮಿಸುಕಲು ಮಾಂಸವೇ ಉಳಿದಿರಲಿಲ್ಲ. ಗಾಳಿ ಕಣ್ಣು ಬಿಟ್ಟು ಉಸಿರಾಡುತ್ತಿದ್ದ. ಹನ್ನೊಂದು ದಿನಕ್ಕೆ ಆ ಉಸಿರೂ ನಿಂತಿತು.

ಎಣ್ಣೆಯಣ್ಣ ಆ ವರ್ಷವೇ ಕೆಲಸ ಬಿಟ್ಟ. ಈಗ ಅದೇ ಕ್ರೀಡಾಂಗಣದ ಟಿಕೆಟ್ ಕಿಟಕಿಯಲ್ಲಿ ಕೂರುತ್ತಾನೆ. ಹಳೆಯ ಓಟಗಾರರು ಕೈ ಕುಲುಕಲು ಬಂದರೆ ಟಿಕೆಟನ್ನು ಹಲಗೆಯ ಮೇಲಿಟ್ಟು ಅವರತ್ತ ಸರಿಸುತ್ತಾನೆ.