ರಂಗತ್ತೆಯ ಮಂಡಿನೋವು

ಮೊನ್ನೆ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿಯೊಬ್ಬರು ಸೆರಗಿನ ಮರೆಯಲ್ಲಿ ಮಂಡಿಗೆ ನೋವಿನ ಎಣ್ಣೆ ತಿಕ್ಕಿಕೊಳ್ಳತೊಡಗಿದರು. ಕರ್ಪೂರವೂ ಬೆಳ್ಳುಳ್ಳಿಯೂ ಬೆರೆತ ಆ ಘಾಟಿಗೆ ಅರ್ಧ ಬಸ್ಸು ಮೂಗು ಮುಚ್ಚಿಕೊಂಡಿತು. ನಾನು ಮಾತ್ರ ಮೂಗರಳಿಸಿ ಕೂತಿದ್ದೆ. ನನ್ನ ಪಾಲಿಗೆ ಅದು ಸೋದರತ್ತೆ ರಂಗತ್ತೆಯ ವಾಸನೆ. ತಮಾಷೆಯೆಂದರೆ, ರಂಗತ್ತೆಗೆ ಜೀವಮಾನದಲ್ಲಿ ಒಂದು ದಿನವೂ ಮಂಡಿ ನೋಯಲಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ಆಗ ನಾನು ಇಪ್ಪತ್ತಾರರ ವಿಜ್ಞಾನದ ಮೇಷ್ಟ್ರು, ಇಸ್ತ್ರಿ ಮುರಿಯದ ಶರಟಿನವನು, ನನ್ನಷ್ಟು ಶಿಸ್ತಿನವನು ಈ ಸೀಮೆಯಲ್ಲೇ ಇಲ್ಲವೆಂದು ನಂಬಿದ್ದವನು. ಯಾವ ಶಾಲೆ ಎಂದು ಕೇಳಬೇಡಿ, ಅದರ ಮರ್ಯಾದೆ ಅದಕ್ಕಿರಲಿ. ಪರೀಕ್ಷೆಯ ಹಿಂದಿನ ದಿನ ನೋಡಿದರೆ ನನ್ನ ಬೀರುವಿನೊಳಗಿದ್ದ ಪ್ರಶ್ನೆಪತ್ರಿಕೆಯ ಕಟ್ಟು ಹರಿದಿದೆ, ನಾಲ್ಕಾರು ಹಾಳೆ ಕಾಣೆಯಾಗಿವೆ. ಬೀಗದ ಕೈ ಇದ್ದದ್ದು ನನ್ನೊಬ್ಬನ ಜೇಬಿನಲ್ಲಿ. ವಿಚಾರಣೆ ಮುಗಿಯುವ ತನಕ ಶಾಲೆಗೆ ಬರಬೇಡಿ ಎಂದರು. ಕಳ್ಳ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಆದರೆ ಹೆಡ್‌ಮಾಸ್ಟರು ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರಲ್ಲ, ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಪ್ಪನಿಗೆ ಮುಖ ತೋರಿಸಲಾರದೆ ಬಿಳಿಗೆರೆಗೆ, ರಂಗತ್ತೆಯ ಮನೆಗೆ ಹೋಗಿ ಅಡಗಿಕೊಂಡೆ. ಊಟ ಸೇರುತ್ತಿರಲಿಲ್ಲ. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಎದ್ದು ಒಳಕೋಣೆ ಸೇರುತ್ತಿದ್ದೆ. ಊರವರೆಲ್ಲ ಕೈಲಾದ ಉಪಕಾರ ಮಾಡಿದರು. ಒಬ್ಬರು ಬೂದುಗುಂಬಳದ ರಸ ಕುಡಿ ಎಂದರು, ಇನ್ನೊಬ್ಬರು ನೆತ್ತಿಗೆ ಹರಳೆಣ್ಣೆ ಒತ್ತು ಎಂದರು. ಮಾವನ ಸ್ನೇಹಿತರಂತೂ ಮದುವೆ ಮಾಡಿಬಿಡಿ, ಎಲ್ಲ ಮರೆತುಹೋಗುತ್ತೆ ಎಂದರು. ಅವರ ಮುಖ ನೋಡಿದರೆ ಸ್ವಂತ ಅನುಭವದ ಮಾತೆಂದು ಅನ್ನಿಸುತ್ತಿರಲಿಲ್ಲ.

ರಂಗತ್ತೆ ಯಾವ ಔಷಧಿಯನ್ನೂ ಹೇಳಲಿಲ್ಲ. ಹಟ್ಟಿಯ ಮುಂದೆ ತೆಂಗಿನ ಗರಿಯ ರಾಶಿ ಹಾಕಿ, ಒಂದು ಕತ್ತಿ ಕೊಟ್ಟು, ಪೊರಕೆ ಕಡ್ಡಿ ತೆಗೆಯಲು ಕೂರಿಸಿದಳು. ತಾನೂ ಎದುರಿಗೆ ಕೂತಳು. ಮೂರು ವಾರ ಕಡ್ಡಿ ಸವರಿದೆ. ನಾನು ಕಟ್ಟಿದ ಪೊರಕೆ ಗುಡಿಸುವುದಕ್ಕಿಂತ ಹೆಚ್ಚು ಉದುರಿಸುತ್ತಿತ್ತು. ಆದರೆ ಕೈಗೆ ಕೆಲಸ ಸಿಕ್ಕಿದ್ದರಿಂದ ಬಾಯಿ ಬಿಚ್ಚಿಕೊಂಡಿತು. ಒಂದು ಬೆಳಗ್ಗೆ ತಲೆಯೆತ್ತದೆಯೇ ಅಂದುಬಿಟ್ಟೆ:

"ಬೆಳಗಾದ್ರೆ ಯಾಕಾದ್ರೂ ಎಚ್ಚರ ಆಯ್ತೋ ಅನ್ಸುತ್ತೆ ಅತ್ತೆ. ಏಳದೇ ಇದ್ದಿದ್ರೆ ಚೆನ್ನಾಗಿತ್ತು."

ಅತ್ತೆಯ ಕೈ ನಿಂತಿತು. ನನ್ನ ಕೈಯಿಂದ ಕತ್ತಿ ತೆಗೆದು ತನ್ನ ಪಕ್ಕಕ್ಕೆ ಇಟ್ಟುಕೊಂಡಳು.

"ಎಷ್ಟ್ ದಿನದಿಂದ ಹಿಂಗನ್ಸುತ್ತೆ ಮಗಾ?"

"ಹತ್ತು ದಿನ ಆಗಿರಬೇಕು."

"ಇದು ನನ್ ಕೈಲಿ ವಾಸಿಯಾಗೋದಲ್ಲ ಕಣಪ್ಪ. ಎದ್ದೇಳು, ಶರಟು ಹಾಕ್ಕ. ತಿಪಟೂರಿಗೆ ಹೋಗಾನ."

ತಿಪಟೂರಿನ ಒಂದು ಕ್ಲಿನಿಕ್ಕಿಗೆ ಗುರುವಾರ ಗುರುವಾರ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರೊಬ್ಬರು ಹೊರಗಿನಿಂದ ಬರುತ್ತಿದ್ದರು. ಪುಣ್ಯಕ್ಕೆ ಅವತ್ತು ಗುರುವಾರವೇ. ಆದರೆ ನಾನು ಮನೆಯ ಬಾಗಿಲು ದಾಟದೆ ನಿಂತೆ. ಕಳ್ಳ ಅಂತ ಆಯಿತು, ಇನ್ನು ಹುಚ್ಚ ಅಂತಲೂ ಅನ್ನಿಸಿಕೊಳ್ಳಬೇಕೇ ಎಂದೆ. ಅತ್ತೆ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಅಟ್ಟದ ಮೇಲಿನ ನೋವಿನ ಎಣ್ಣೆ ಬಾಟಲಿ ಇಳಿಸಿ, ಎರಡೂ ಮಂಡಿಗೆ ಧಾರಾಳವಾಗಿ ಬಳಿದುಕೊಂಡು, ಕುಂಟುತ್ತ ಅಂಗಳಕ್ಕಿಳಿದಳು.

"ಎಲ್ಲಿಗೆ ರಂಗಮ್ಮ?" ಎಂದಳು ಎದುರುಮನೆಯ ಪುಟ್ಟಕ್ಕ.

"ಮಂಡಿ ಹಿಡ್ಕಂಡ್ ಬುಟ್ಟೈತೆ ಕಣೇ. ಡಾಕ್ಟ್ರ ತಾವ್ಕೆ. ಹುಡುಗ ಜೊತೇಲಿ ಬತ್ತಾನೆ."

ಡಾಕ್ಟರು ಮೆಲುದನಿಯವರು. ಮುಕ್ಕಾಲು ಗಂಟೆ ನಾನು ಹೇಳಿದ್ದನ್ನೆಲ್ಲ ಕೇಳಿದರು. ಇದೂ ಜ್ವರದಂಥ ಕಾಯಿಲೆಯೇ, ನಾಚಿಕೆಪಡುವಂಥದ್ದೇನಿಲ್ಲ ಎಂದು ಮಾತ್ರೆ ಬರೆದುಕೊಟ್ಟು, ವಾರವಾರ ಬನ್ನಿ ಎಂದರು. ಅತ್ತೆಗೆ ಬೇರೆಯಾಗಿ, ಇವರನ್ನು ಒಂಟಿಯಾಗಿ ಬಿಡಬೇಡಿ ಎಂದರು. ಅಂದಿನಿಂದ ರಂಗತ್ತೆ ನಾನು ಬಾವಿಗೆ ಹೋದರೂ ಹಿಂದೆಯೇ ಬಂದು, ಅಲ್ಲಿ ತನಗೇನೋ ತುರ್ತು ಕೆಲಸವಿರುವಂತೆ ನಟಿಸುತ್ತಿದ್ದಳು.

ನಟನೆಯಲ್ಲಿ ಅವಳು ಅಂಥ ಗಟ್ಟಿಗಿತ್ತಿಯೇನಲ್ಲ. ಮೊದಲ ವಾರ ಬಲಗಾಲು ಕುಂಟಿದವಳು ಎರಡನೆಯ ವಾರ ಎಡಗಾಲು ಕುಂಟಿದಳು.

"ಹೋದ್ ವಾರ ಬಲಗಾಲು ಅಂದಿದ್ದೆ?" ಎಂದಳು ಪುಟ್ಟಕ್ಕ.

"ನೋವು ಅತ್ಲಾಗಿಂದ ಇತ್ಲಾಗೆ ಬಂದೈತೆ ಕಣೇ, ಏನ್ಮಾಡ್ಲಿ."

ಕ್ಲಿನಿಕ್ಕಿನ ಪಕ್ಕದ ಟೈಲರ್ ಬಾಷಾ ಸಾಬರು ಪ್ರತಿ ವಾರ ಕುಂಟಿಕೊಂಡು ಬರುವ ಈ ಹೆಂಗಸನ್ನು ನೋಡಲಾರದೆ, ಕಂಬಳಿಯ ತುಂಡಿನಲ್ಲಿ ಮಂಡಿಗೊಂದು ಪಟ್ಟಿ ಹೊಲಿದುಕೊಟ್ಟರು. ಅವರ ಮನಸ್ಸು ನೋಯಬಾರದೆಂದು ಅತ್ತೆ ಸುಡುಬಿಸಿಲಲ್ಲಿ ಅದನ್ನು ಕಟ್ಟಿಕೊಂಡು ಓಡಾಡಿದಳು. ನಾಲ್ಕನೆಯ ವಾರ ಬಸ್ಸಿಳಿದ ಮೇಲೆ ಕುಂಟುವುದನ್ನೇ ಮರೆತು ದಾಪುಗಾಲು ಹಾಕಿದವಳು, ನೆನಪಾದೊಡನೆ "ಅಯ್ಯಪ್ಪಾ" ಎಂದು ಕೂತುಬಿಟ್ಟಳು. ನನಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ನಕ್ಕಿದ್ದೆ. ಅತ್ತೆ ಬಯ್ಯಲಿಲ್ಲ. ಮಣ್ಣಲ್ಲಿ ಕೂತೇ ನನ್ನ ಮುಖ ನೋಡಿದಳು, ನೋಡುತ್ತಲೇ ಇದ್ದಳು.

ಎರಡು ತಿಂಗಳಾದ ಮೇಲೆ ವಿಚಾರಣೆಗೆ ಬಂದವರು ಬೀರುವನ್ನು ಗೋಡೆಯಿಂದ ಸರಿಸಿದರು. ಹಿಂದಿನ ಹಲಗೆಯಲ್ಲಿ ತೂತು. ಅದರಾಚೆ ಪ್ರಶ್ನೆಪತ್ರಿಕೆಯ ಚೂರುಗಳ ಹಾಸಿಗೆಯ ಮೇಲೆ ಇಲಿಮರಿಗಳು. ವಿಜ್ಞಾನವನ್ನು ಅಷ್ಟು ಚೆನ್ನಾಗಿ ಅರಗಿಸಿಕೊಂಡವರು ನನ್ನ ಶಿಷ್ಯರಲ್ಲಿ ಬೇರೆ ಯಾರೂ ಇರಲಿಲ್ಲ. ಕೆಲಸಕ್ಕೆ ಬನ್ನಿ ಎಂಬ ಕಾಗದ ಬಂದ ದಿನ, ಇನ್ನು ಡಾಕ್ಟರ ಹತ್ತಿರ ಹೋಗುವುದು ಬೇಡವೆಂದೆ.

"ಕೆಲ್ಸ ಬಂತು, ಸರಿ. ನಿದ್ದೆ ಬಂತೇನ್ಲಾ?" ಎಂದಳು ಅತ್ತೆ.

ಪೂರ್ತಿ ಬಂದಿರಲಿಲ್ಲ. ಗುರುವಾರಕ್ಕೊಮ್ಮೆ ಶಾಲೆಗೆ ರಜೆ ಹಾಕಿ ಬಿಳಿಗೆರೆಗೆ ಬರತೊಡಗಿದೆ. ಡಾಕ್ಟರು ಸಾಕು ಎನ್ನುವವರೆಗೆ ಇನ್ನೂ ಐದು ತಿಂಗಳು ಅವಳು ಕುಂಟಿದಳು.

ಈ ಕಥೆಯನ್ನು ನಾನು ಮದುವೆಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಬಲಗಾಲು ಎಡಗಾಲಾದದ್ದು, ಕಂಬಳಿ ಪಟ್ಟಿ, ಎಲ್ಲದಕ್ಕೂ ಜನ ಬಿದ್ದುಬಿದ್ದು ನಗುತ್ತಾರೆ. ಔಷಧಿ ಯಾರಿಗೆ ಎಂಬುದನ್ನು ಮಾತ್ರ ನಾನು ಎಲ್ಲಿಯೂ ಹೇಳಿರಲಿಲ್ಲ. ಸೋಮಾರಿ ಅತ್ತೆ ಪೇಟೆ ಸುತ್ತಲು ಹೂಡಿದ ನೆಪ ಎಂದೇ ಎಲ್ಲರೂ ತಿಳಿದುಕೊಂಡರು. ನಾನೂ ಹಾಗೇ ಬಿಟ್ಟೆ. ಅವಳು ತೀರಿಕೊಂಡ ಮೇಲೂ ಬಿಟ್ಟೆ.

ಇವತ್ತು ಇದನ್ನು ಬರೆದು ಹೆಂಡತಿಯ ಕೈಗೆ ಕೊಟ್ಟೆ. ನಲವತ್ತು ವರ್ಷ ಈ ಕಥೆಗೆ ನಕ್ಕವಳು ಅವಳು. ನಿಧಾನವಾಗಿ ಓದಿದಳು. ಕನ್ನಡಕ ತೆಗೆದಳು. ನನ್ನ ಪಕ್ಕಕ್ಕೆ ಬಂದು ಕೂತು ಹೇಳಿದಳು:

"ಹತ್ತು ದಿನ ಅಂತ ಬರೆದಿದ್ದೀರಲ್ಲ. ಆ ಹತ್ತು ದಿನದ್ದು ಹೇಳಿ, ಕೇಳ್ತೀನಿ."