ಮನಿ ಸಾಗಿಸೋ ಪರವಾನಗಿ

ನಿಜಾಮರ ಕಾಲದಾಗ ನನ್ನ ಎತ್ತಿನ ಗಾಡಿ ಅಂದ್ರ ಗಿಲ್ಲೆಸುಗೂರು ಮಂದಿ ಎದ್ದು ನಿಲ್ಲತಿದ್ರು. ಒಮ್ಮೆ ಬಾಣಂತಿ, ತೊಟ್ಟಿಲು, ಉರಿಯೋ ಒಲಿ ಸಮೇತ ಒಂದು ಮನಿ ಸಾಗಿಸೀನಿ. ಒಲಿ ಮ್ಯಾಲಿನ ಹಾಲು ಚೆಲ್ಲಲಿಲ್ಲ, ಕೂಸು ಎಚ್ಚರಾಗಲಿಲ್ಲ! ಅಂಥಾ ನನಗೂ, ಮಂದಿ ಸಾಮಾನು ಬಾಡಿಗಿಗೆ ಸಾಗಿಸಾಕ ಪರವಾನಗಿ ಬೇಕಂತ ರಾಯಚೂರಿಗೆ ಕರೆಸಿದ್ರು.

ಕಚೇರಿ ಸಾಹೇಬರು, "ಮೊದಲು ಇಮ್ತಿಹಾನ್, ಅಂದ್ರ ಪರೀಕ್ಷಾ, ಆಗಬೇಕು. ನನ್ನ ಮನಿ ಸಾಮಾನೆಲ್ಲಾ ಮಾನ್ವಿಗೆ ಮುಟ್ಟಿಸು. ಒಂದು ಪಿಂಗಾಣಿ ಬಟ್ಟಲ ಒಡದ್ರೂ ಪರವಾನಗಿ ಇಲ್ಲ" ಅಂದ್ರು.

ಬಟ್ಟಲ ಹೋಗಲಿ, ಅವರ ಕೋಳಿ ದಾರ್ಯಾಗ ಇಟ್ಟ ತತ್ತಿನೂ ಒಡೀದಂಗ ಇಳಿಸಿದೆ. "ಈಗ ಸಹಿ ಮಾಡ್ರಿ ಸಾಹೇಬ್ರ" ಅಂದೆ.

"ನನಗ ಮಾನ್ವಿಗೆ ವರ್ಗ ಆಗ್ಯಾದಲ್ಲೋ! ರಾಯಚೂರಿನ ಪರವಾನಗಿಗೆ ಇನ್ನ ನನ್ನ ಸಹಿ ನಡೆಯಂಗಿಲ್ಲ. ಅಲ್ಲಿಗೆ ಬಂದ ಹೊಸ ಸಾಹೇಬ್ರನ್ನ ಕೇಳು."

ನನ್ನ ಬಾಯಾಗಿನ ಎಲಿಅಡಿಕಿ ಜಾರಿ ಕೆಳಗ ಬಿತ್ತು. ರಾಯಚೂರಿಗೆ ಗಾಡಿ ಓಡಿಸಿದೆ. ಹೊಸ ಸಾಹೇಬರು ಖಾಲಿ ಮನ್ಯಾಗ ನೆಲದ ಮ್ಯಾಲ ಕುಂತಿದ್ರು.

"ಬಾರೋ, ನಿನ್ನ ದಾರಿನ ನೋಡಾಕತ್ತಿದ್ದೆ. ನನ್ನ ಸಾಮಾನು ಇನ್ನೂ ದೇವದುರ್ಗದಾಗ ಅದಾವ. ಇಮ್ತಿಹಾನ್ ಅಂತ ಒಂದು ಅದ, ಗೊತ್ತಲ್ಲ?"

ಪರವಾನಗಿ ಕೈಗೆ ಬರೋದ್ರಾಗ ನಿಜಾಮರ ಸರ್ಕಾರಾನ ಗಂಟುಮೂಟಿ ಕಟ್ಟಿತ್ತು. ಆ ಸಾಮಾನು ಸಾಗಿಸಾಕ ಮಾತ್ರ ನನ್ನ ಯಾರೂ ಕರೀಲಿಲ್ಲ.