ಕಣ್ಣಿನಿಂದ ಕೇಳುವವರು

ಕನ್ನಡಕ ಹಾಕಿಕೊಳ್ಳದಿದ್ದರೆ ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಹೀಗೆಂದರೆ ಮನೆಯಲ್ಲಿ ನಗುತ್ತಾರೆ. "ಹಂಗಾದ್ರೆ ಪೇಪರ್ ಓದೋಕೆ ಕಿವಿಗೆ ಮಿಷನ್ ಹಾಕಿಸ್ಕೊಳ್ಳಿ" ಎಂಬುದು ಹೆಂಡತಿಯ ಸಲಹೆ. ಆದರೆ ಕೋಲಾರದಲ್ಲಿ ವರದಿಗಾರನಾಗಿದ್ದಷ್ಟು ಕಾಲ ನಾನು ಗಮನಿಸಿದ್ದು ಇದನ್ನೇ. ಭಾಷಣಕಾರರ ಬಾಯಿ ಮೈಕಿನ ಹಿಂದೆ ಮರೆಯಾದ ಸಭೆಗಳಲ್ಲಿ ಅರ್ಧ ಮಾತು ನನ್ನ ಕೈತಪ್ಪುತ್ತಿತ್ತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಂತೂ ಹರಾಜು ಕೂಗುವವನ ತುಟಿ ನೋಡದೆ ದರ ಹಿಡಿದವರನ್ನು ನಾನು ಕಂಡಿಲ್ಲ.

ಇದು ನನ್ನೊಬ್ಬನ ಕಾಯಿಲೆಯಲ್ಲ ಎಂದು ಬಲ್ಲವರು ಹೇಳುತ್ತಾರೆ. ಕಿವಿಗೆ 'ಬ' ಎಂಬ ಶಬ್ದ ಕೇಳಿಸಿ, ಎದುರಿನ ಮುಖದ ತುಟಿಗಳು 'ಗ' ಎಂದರೆ, ಹಲವರಿಗೆ ಕೇಳಿಸುವುದು ಎರಡೂ ಅಲ್ಲದ 'ದ'. ಕಣ್ಣೂ ಕಿವಿಯೂ ಬೇರೆ ಬೇರೆ ಸುದ್ದಿ ತಂದಾಗ ಮೆದುಳು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತದೆ. ನಮ್ಮ ಸುದ್ದಿಮನೆಯಲ್ಲಿ ಅಂಥ ರಾಜಿ ಮಾಡಿದವರಿಗೆ ಬೈಗುಳ ಬೀಳುತ್ತಿತ್ತು.

ಈ ವಿದ್ಯೆಯ ನಿಜವಾದ ಪಂಡಿತರು ತೊಟ್ಟಿಲಲ್ಲಿದ್ದಾರೆ ಎಂಬುದು ನನಗೆ ತಿಳಿದದ್ದು ಆಂಧ್ರದ ಗಡಿಗೆ ಹತ್ತಿರದ ದೇವರಾಯಸಮುದ್ರ ಎಂಬ ಊರಿನಲ್ಲಿ. ಅಲ್ಲಿಗೆ ಮದುವೆಯಾಗಿ ಹೋದವಳು ನನ್ನ ತಂಗಿಯ ಮಗಳು ಕವಿತಾ. ಮಾಲೂರಿನ ಹುಡುಗಿ, ಕನ್ನಡದವಳು. ಅತ್ತೆ ಮುನಿರತ್ನಮ್ಮನದು ತೆಲುಗು. ಹಾಲಿನ ಡೇರಿಯಲ್ಲಿ, ಬಸ್ಸಿನಲ್ಲಿ ಕನ್ನಡ. ಒಲೆಯ ಮುಂದೆ, ದನದ ಮುಂದೆ, ದೇವರ ಮುಂದೆ ತೆಲುಗು. ಕವಿತಾ ಮುಳಬಾಗಿಲಿಗೆ ಕೆಲಸಕ್ಕೆ ಹೋದರೆ ಮಗು ಇಡೀ ದಿನ ಅಜ್ಜಿಯ ಮಡಿಲಲ್ಲಿ.

ಮಗುವಿಗೆ ಒಂಬತ್ತು ತಿಂಗಳಾದರೂ 'ಬಬ', 'ತತ' ಎನ್ನುವ ತೊದಲು ಹೊರಡಲಿಲ್ಲ. ಕಿವಿಯ ಪರೀಕ್ಷೆಯೂ ಆಯಿತು. ಕಿವಿ ಚೆನ್ನಾಗಿದೆ, ಸ್ವಲ್ಪ ಕಾದು ನೋಡೋಣ ಎಂದರು ಡಾಕ್ಟರು. ಕಾಯುವುದು ತಾಯಂದಿರಿಗೆ ಒಗ್ಗುವ ಕೆಲಸವಲ್ಲ. ಎರಡು ಭಾಷೆ ಕೇಳಿದರೆ ಮಗುವಿನ ತಲೆ ಕೆಡುತ್ತದೆ ಎಂದು ಜೊತೆಯ ಕೆಲಸದವರು ಹೇಳಿದ್ದೇ ತಡ, ಕವಿತಾ ಮನೆಯಲ್ಲಿ ಕಾನೂನು ತಂದಳು: ಮಗುವಿನ ಎದುರು ತೆಲುಗು ಕೂಡದು.

ಒಂದು ಭಾನುವಾರ ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಆ ಕಾನೂನು ಜಾರಿಯಲ್ಲಿತ್ತು. ಬೆಳಗಿನಿಂದ ಸಂಜೆಯವರೆಗೆ ಬಾಯಿ ನಿಲ್ಲಿಸದ ಮುನಿರತ್ನಮ್ಮ ಸುಮ್ಮನೆ ಕಾಫಿ ತಂದಿಟ್ಟರು. ಯಾಕೆ ಎಂದು ಕೇಳಿದೆ.

"ಏನ್ ಮಾಡ್ಲಿ ಸಾರ್? ಕನ್ನಡದಾಗೆ ನಂಗೆ ಯಾಪಾರ ಬರ್ತೈತೆ, ಜಗಳ ಬರ್ತೈತೆ. ಮುದ್ದು ಮಾತ್ರ ಬರಾಕಿಲ್ಲ."

ಮೊಮ್ಮಗನೊಡನೆ ಮಾತಿಲ್ಲದ ಅಜ್ಜಿಯನ್ನು ನೋಡುವುದು ಕಷ್ಟವಾಗಿತ್ತು. ಕವಿತಾ ಒಳಗಿನಿಂದಲೇ, "ನಂಗೇನು ಖುಷೀನಾ ಮಾಮ? ಅವ್ನಿಗೆ ಮಾತು ಬರ್ದೇ ಹೋದ್ರೆ?" ಎಂದಳು. ಆ ದನಿಯಲ್ಲಿ ಹಟಕ್ಕಿಂತ ಭಯವೇ ಹೆಚ್ಚಾಗಿತ್ತು. ಎರಡು ಭಾಷೆಯಿಂದ ಮಕ್ಕಳ ಮಾತು ಕೆಡುತ್ತದೆಂಬುದನ್ನು ತಿಳಿದವರು ಯಾರೂ ಒಪ್ಪುವುದಿಲ್ಲ ಎಂದೆ. ಆದರೆ ನನಗೆ ಗೊತ್ತಿದ್ದುದು ಓದಿ ತಿಳಿದದ್ದು. ಓದಿದ್ದನ್ನು ಹೆದರಿದ ತಾಯಿಗೆ ಹೇಳುವುದು, ಮಳೆಯಲ್ಲಿ ನೆಂದವನಿಗೆ ಹವಾಮಾನ ವರದಿ ಓದಿದಂತೆ.

ಅಷ್ಟರಲ್ಲಿ ಮುನಿರತ್ನಮ್ಮ ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ರಾಗಿ ಸರಿ ತಿನ್ನಿಸಲು ಶುರುಮಾಡಿದ್ದರು. ನೋಡುತ್ತೇನೆ, ಅವರ ತುಟಿಗಳು ಸರಸರ ಆಡುತ್ತಿವೆ. ಹುಬ್ಬು ಏರುತ್ತಿದೆ, ಕೆನ್ನೆ ಉಬ್ಬುತ್ತಿದೆ. ಶಬ್ದ ಮಾತ್ರ ಚೂರೂ ಇಲ್ಲ.

ಕವಿತಾ ಬಾಗಿಲಿಗೆ ಬಂದು ನಿಂತಳು. "ಅತ್ತೇ, ಏನ್ಮಾಡ್ತಿದ್ದೀರ?"

"ತೆಲುಗು ಕೇಳಿಸ್‌ಬ್ಯಾಡ ಅಂದೆ. ಬಾಯಿ ಅಲ್ಲಾಡಿಸ್‌ಬ್ಯಾಡ ಅಂದ್ಯೇನೆ?"

ಕಾನೂನಿನಲ್ಲಿ ಆ ಸಂದು ಇದ್ದದ್ದು ನಿಜ. ಕವಿತಾಗೆ ನಗು ಬಂತು. ಅದನ್ನು ತಡೆದುಕೊಂಡು ಮಗುವಿನ ಕಡೆ ನೋಡಿದಳು. ನಾನೂ ನೋಡಿದೆ.

ಹುಟ್ಟಿದ ಹೊಸತರಲ್ಲಿ ಮಕ್ಕಳು ನಮ್ಮ ಕಣ್ಣು ನೋಡುತ್ತವೆ. ಮಾತು ಕಲಿಯುವ ಹೊತ್ತು ಹತ್ತಿರವಾದಾಗ ಅವುಗಳ ನೋಟ ಬಾಯಿಗೆ ಇಳಿಯುತ್ತದೆ. ಎರಡು ಭಾಷೆಯ ಮನೆಗಳಲ್ಲಿ ಆ ನೋಟ ಇನ್ನಷ್ಟು ಹೊತ್ತು ಅಲ್ಲೇ ನಿಲ್ಲುತ್ತದಂತೆ. ಧ್ವನಿಯಿಲ್ಲದ ಮುಖವೊಂದನ್ನೇ ತೋರಿಸಿದರೂ, ಭಾಷೆ ಬದಲಾದದ್ದನ್ನು ಕೆಲವೇ ತಿಂಗಳ ಕೂಸು ಗುರುತಿಸಬಲ್ಲದು ಎಂದೂ ಓದಿದ್ದೆ. ಅಕ್ಷರ ಗೊತ್ತಿಲ್ಲ, ಅರ್ಥ ಗೊತ್ತಿಲ್ಲ, ತನ್ನ ಹೆಸರು ಗೊತ್ತಿರುವುದೂ ಅಷ್ಟಕ್ಕಷ್ಟೆ. ಆದರೂ ಒಂದು ಮೂಲದ ಸುದ್ದಿಯನ್ನು ಇನ್ನೊಂದು ಮೂಲದಿಂದ ಖಚಿತಪಡಿಸಿಕೊಳ್ಳದೆ ಬಿಡದು. ಇಂಥ ವರದಿಗಾರರು ನಮಗೆ ಸಿಕ್ಕಿದ್ದರೆ ತಿದ್ದುಪಡಿ ಎಂಬ ಅಂಕಣವೇ ಬೇಕಿರುತ್ತಿರಲಿಲ್ಲ.

ಈ ವರದಿಗಾರ ಅಜ್ಜಿಯ ತುಟಿಗಳನ್ನೇ ದಿಟ್ಟಿಸಿದ. ಆಮೇಲೆ ಬಲಕ್ಕೆ ತಿರುಗಿದ, ಎಡಕ್ಕೆ ತಿರುಗಿದ, ನನ್ನ ಮುಖ ನೋಡಿದ. ಮತ್ತೆ ತುಟಿಗೆ ಬಂದ. ಕೊನೆಗೆ ಸರಿ ಮೆತ್ತಿದ ಬೆರಳುಗಳನ್ನು ಅಜ್ಜಿಯ ಬಾಯಿಯ ಮೇಲಿಟ್ಟು ತಡವಿದ. ತುಟಿ ಇಲ್ಲಿದೆ, ಇದರ ಧ್ವನಿ ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದಾನೆ ಎಂಬುದನ್ನು ಯಾರೂ ವಿವರಿಸಬೇಕಿರಲಿಲ್ಲ.

ಕವಿತಾ ಅಲ್ಲೇ ನೆಲದ ಮೇಲೆ ಕುಳಿತಳು. "ಅತ್ತೆ, ಧ್ವನಿ ಬಿಡಿ."

"ಯಾವ್ ಭಾಷೇಲಿ?"

"ನಿಮ್ಗೆ ಮುದ್ದು ಬರೋ ಭಾಷೇಲಿ."

ಮುನಿರತ್ನಮ್ಮ ತಡಮಾಡಲಿಲ್ಲ. "ನಾ ಬಂಗಾರು ತಂಡ್ರೀ, ಬುವ್ವ ತಿಂದಾಮಾ? ಬುವ್ವ?" ನನ್ನ ಬಂಗಾರದಪ್ಪಾ, ಊಟ ಮಾಡೋಣವಾ ಎಂಬ ಮುದ್ದು ಅದು. ಹುಡುಗನ ಮೈ ಒಮ್ಮೆಲೇ ಅಲ್ಲಾಡಿತು. ಕಳೆದುಹೋದ ಸಾಮಾನು ಸಿಕ್ಕವನ ಹಾಗೆ ಎರಡೂ ಕೈ ಬಡಿದು ನಕ್ಕ. ಮಾತಾಡಿದ ಎಂದು ಬರೆಯಲಾರೆ. ಅವನು ಆ ದಿನ ಮಾತಾಡಲಿಲ್ಲ. ಅಜ್ಜಿಯ ಬಾಯಿಯನ್ನೇ ನೋಡುತ್ತ ತನ್ನ ತುಟಿಗಳನ್ನು ಬಿಗಿಯಾಗಿ ಒತ್ತಿದ, ಒಂದು ಗಳಿಗೆ ಹಿಡಿದ, ಫಟ್ಟನೆ ಬಿಟ್ಟ. ಬಾಯಲ್ಲಿದ್ದ ಸರಿಯೆಲ್ಲ ನನ್ನ ಬಿಳಿ ಅಂಗಿಯ ಮೇಲೆ.

"ಬುವ್ವ ಅನ್ನಾಕೆ ಬಂದ!" ಎಂದರು ಮುನಿರತ್ನಮ್ಮ.

"ಇಲ್ಲ ಅತ್ತೆ, ಮಾಮ ಅನ್ನೋಕೆ ಹೋದ. ಬಿದ್ದಿದ್ದು ಯಾರ್ ಮೇಲೆ ನೋಡಿ" ಎಂದಳು ಕವಿತಾ.

ನನ್ನ ಅಂಗಿಯನ್ನು ಯಾರೂ ವಿಚಾರಿಸಲಿಲ್ಲ. ಜಗಳ ಎರಡು ಭಾಷೆಯಲ್ಲೂ ಬಿಸಿಯೇರಿತು. ಇಬ್ಬರೂ ಬಾಯಿ ತುಂಬ ತೆರೆದು, ಒತ್ತಿ ಒತ್ತಿ, ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದರು. ನಡುವೆ ಕುಳಿತ ಹುಡುಗ ಒಮ್ಮೆ ಈ ಬಾಯಿ, ಒಮ್ಮೆ ಆ ಬಾಯಿ ನೋಡುತ್ತ ಊಟ ಮರೆತಿದ್ದ. ಮಾತು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದೆಂದು ನಾನು ಮಧ್ಯೆ ಬಾಯಿ ಹಾಕಲಿಲ್ಲ.